ಬ್ರೀದರ್ ಮತ್ತು ವೆಂಟ್ ಹೋಸುಗಳನ್ನು ಎಲ್ಲಿಂದ ಎಲ್ಲಿಗೆ ಎಳೆಯಬೇಕು? (1976ರ ಲ್ಯಾಂಡ್ ಕ್ರೂಸರ್ ಎಫ್‌ಜೆ40)

ನಲವತ್ತರ ಚಾಸಿ:

1976ರ ಟೊಯೋಟ ಲ್ಯಾಂಡ್ ಕ್ರೂಸರ್ ಎಫ್‌ಜೆ40 ಒಂದರ ಬಾಡಿಯನ್ನು ಚಾಸಿಯಿಂದ ಪೂರ್ತಿ ಇಳಿಸಿ ಮರುಜೋಡಣೆ ನಡೆಸುತ್ತಿದ್ದೇನೆ. 4.2 ಲೀಟರಿನ 2ಎಫ್ ಪೆಟ್ರೋಲ್ ಎಂಜಿನ್, ನಾಲ್ಕು ಗೇರಿನ ಗೇರ್‌ಬಾಕ್ಸ್, ಅದರ ಬೆನ್ನಿಗೇ ಕೂಡಿಕೊಂಡು ಎರಡೂ ಆಕ್ಸಲ್‌ಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್, ಮುಂದಿನ ಆಸನದ ಅಡಿಯಲ್ಲಿರುವ ಪೆಟ್ರೋಲ್ ಟ್ಯಾಂಕ್, ಲೀಫ್ ಸ್ಪ್ರಿಂಗುಗಳ ಮೇಲೆ ಕುಳಿತ ಎರಡು ಗಟ್ಟಿ ಆಕ್ಸಲ್‌ಗಳು, ಇವು ಯಾವುವನ್ನೂ ಬದಲಿಸಿಲ್ಲ, ಬದಲಿಸುವ ಇರಾದೆಯೂ ಇಲ್ಲ. ಆಕ್ಸಲ್ ಕೇಸುಗಳನ್ನು ಬ್ಲಾಸ್ಟಿಂಗ್ ಮಾಡಿಸಿ, ಪೌಡರ್ ಕೋಟಿಂಗ್ ಹೊಡೆಸಿ ತಂದಾಗಿದೆ. ಮುಂದಿನ ಹಂತ ಬ್ರೇಕ್ ಪೈಪುಗಳದು. ಅದೇ ಹೊತ್ತಿನಲ್ಲಿ, ಬಾಡಿ ಇಳಿದಿರುವಾಗಲೇ, ಗಾಳಿಯಾಡುವ ಹೋಸುಗಳನ್ನೂ (ಬ್ರೀದರ್, ವೆಂಟ್ ಎನ್ನುವವು) ಹಾಕಿ ಮುಗಿಸಿದರೆ ಕೈ ಸಲೀಸಾಗಿ ಓಡುತ್ತದೆಂದು ಯೋಚಿಸಿದ್ದೇನೆ.

ತೊಡಕು ಇಲ್ಲಿದೆ. ಹಿಂದಿನ ಮಾಲೀಕರ ಕಾಲದಲ್ಲೇ ಅರ್ಧದಷ್ಟು ಹೋಸುಗಳು ಮಾಯವಾಗಿದ್ದವು, ಉಳಿದವು ಮುಟ್ಟಿದರೆ ಪುಡಿಯಾಗುತ್ತಿವೆ. ಆದ್ದರಿಂದ ಹಳೆಯದನ್ನು ನೋಡಿಕೊಂಡು ಹೊಸದನ್ನು ಹಾಕುವ ದಾರಿ ನನಗಿಲ್ಲ. ಆಕ್ಸಲ್‌ಗಳ ಮೇಲೆ ಅಲುಗಾಡುವ ಟೋಪಿಯ ಹಳೆಯ ಬ್ರೀದರ್‌ಗಳಿವೆ. ಟ್ಯಾಂಕಿನ ಮೇಲಿನ ಒಂದು ಸಣ್ಣ ವೆಂಟ್ ನಳಿಗೆಗೆ ಯಾರೋ ರಬ್ಬರ್ ತುಂಡು ಸಿಕ್ಕಿಸಿ ಅದರ ಬಾಯಿಗೆ ಒಂದು ಸ್ಕ್ರೂ ತಿರುಗಿಸಿ ಮುಚ್ಚಿದ್ದಾರೆ. ಎಂಜಿನ್ನಿನ ರಾಕರ್ ಕವರಿನಿಂದ (ಮೇಲ್ಮುಚ್ಚಳದಿಂದ) ಏರ್ ಕ್ಲೀನರಿಗೆ ಹೋಗಬೇಕಾದ ಹೋಸಿನ ಜಾಗದಲ್ಲಿ ಬಟ್ಟೆ ತುರುಕಲಾಗಿತ್ತು.

ನಾನು ಅಂದುಕೊಂಡಿರುವುದು ಹೀಗೆ: ಎಂಜಿನ್ ಕೋಣೆಯಲ್ಲಿ, ಫೈರ್‌ವಾಲಿನ (ಎಂಜಿನ್ ಕೋಣೆಗೂ ಕ್ಯಾಬಿನ್ನಿಗೂ ನಡುವಿನ ತಗಡಿನ ಗೋಡೆಯ) ಎತ್ತರದ ಭಾಗದಲ್ಲಿ ಹಿತ್ತಾಳೆಯ ಒಂದು ಕೂಡುಗೊಳವೆಯನ್ನು ನಿಲ್ಲಿಸಿ, ಎರಡೂ ಆಕ್ಸಲ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಸಾಧ್ಯವಾದರೆ ಟ್ಯಾಂಕಿನ ವೆಂಟನ್ನೂ ಅಲ್ಲಿಗೇ ತಂದು, ಎಲ್ಲಕ್ಕೂ ಸೇರಿಸಿ ಒಂದೇ ಸಣ್ಣ ಫಿಲ್ಟರ್ ಹಾಕುವುದು. ನೋಡಲು ಅಚ್ಚುಕಟ್ಟಾಗಿರುತ್ತದೆ, ನಿರ್ವಹಣೆಗೂ ಒಂದೇ ಜಾಗವಾಗುತ್ತದೆ. ಈ ಯೋಜನೆಯಲ್ಲಿ ದೋಷವಿದೆಯೇ? ಹೋಸು ಯಾವ ವಸ್ತುವಿನದಾಗಿರಬೇಕು, ಎಷ್ಟು ಒಳವ್ಯಾಸ ಬೇಕು? ನೀರು ದಾಟುವುದು ಅಪರೂಪವಾದರೂ ಗಾಡಿಯನ್ನು ಅಂಗಳದಲ್ಲಿ ನಿಲ್ಲಿಸುವುದಕ್ಕಾಗಿ ಕಟ್ಟುತ್ತಿಲ್ಲ ಎಂಬುದನ್ನು ಗಮನದಲ್ಲಿಟ್ಟು ಉತ್ತರಿಸಬೇಕಾಗಿ ಕೋರುತ್ತೇನೆ.


ಹಿಂದಿನ ಆಕ್ಸಲ್:

ಪ್ರಶ್ನೆಯನ್ನು ಬಾಡಿ ಇಳಿದಿರುವಾಗಲೇ ಕೇಳಿದ್ದೀರಿ, ಅದು ಒಳ್ಳೆಯದಾಯಿತು. ನಿಮ್ಮ ಯೋಜನೆಯಲ್ಲಿ ಆಕ್ಸಲ್‌ಗಳ ಮಟ್ಟಿಗೆ ತಪ್ಪೇನಿಲ್ಲ, ಟ್ಯಾಂಕಿನ ವೆಂಟನ್ನು ಅದರೊಳಗೆ ಸೇರಿಸುವ ಮಾತನ್ನು ಮಾತ್ರ ಈಗಲೇ ಕೈಬಿಡಿ. ಹೊರಗಿನಿಂದ ಒಂದೇ ಬಗೆಯಾಗಿ ಕಂಡರೂ ಈ ಹೋಸುಗಳು ಮೂರು ಬೇರೆ ಬೇರೆ ಕೆಲಸಗಳನ್ನು ಮಾಡುತ್ತವೆ. ಆಕ್ಸಲ್, ಗೇರ್‌ಬಾಕ್ಸ್‌ಗಳ ಹೋಸು ಬಿಸಿಗೆ ಹಿಗ್ಗಿ ತಂಪಿಗೆ ಕುಗ್ಗುವ ಗಾಳಿಯನ್ನಷ್ಟೇ ಓಡಾಡಿಸುತ್ತದೆ. ಟ್ಯಾಂಕಿನದು ಹೊತ್ತಿಕೊಳ್ಳುವ ಆವಿಯನ್ನು ಸಾಗಿಸುತ್ತದೆ. ಕ್ರ್ಯಾಂಕ್‌ಕೇಸಿನದು (ಎಂಜಿನ್ನಿನ ಕೆಳಭಾಗದ ಕವಚದ್ದು) ಎಂಜಿನ್ನಿನ ಉಸಿರಾಟದ ಒಂದು ಭಾಗವೇ ಆಗಿದ್ದು, ಅದರ ಅಳತೆ ತಪ್ಪಿದರೆ ಕಾರ್ಬ್ಯುರೇಟರಿನ ಮಿಶ್ರಣವೇ ತಪ್ಪುತ್ತದೆ. ಯಾವ ಹೋಸು ಎಲ್ಲಿ ಕೊನೆಗೊಳ್ಳಬೇಕೆಂಬುದನ್ನು ಅದು ಏನನ್ನು ಸಾಗಿಸುತ್ತದೆ ಎಂಬುದೇ ನಿರ್ಧರಿಸಬೇಕೇ ಹೊರತು ಅಚ್ಚುಕಟ್ಟುತನವಲ್ಲ. ಎರಡನೆಯ, ಮೂರನೆಯ ಬಗೆಯವನ್ನು ಹಿತ್ತಾಳೆ ನಿಪ್ಪಲ್ ಅವರು ನನಗಿಂತ ಚೆನ್ನಾಗಿ ಬಲ್ಲರು. ನಾನು ಆಕ್ಸಲ್‌ಗಳ ಬಗ್ಗೆ ಬರೆಯುತ್ತೇನೆ.

ಆಕ್ಸಲಿಗೆ ಎತ್ತರದ ಬ್ರೀದರ್ ಏಕೆ ಬೇಕೆಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಕೇಸು ಓಡಾಟದಿಂದ 80 ಡಿಗ್ರಿಗೆ ಏರಿತೆನ್ನಿ. ಒಳಗಿನ ಗಾಳಿಗೆ ಹೊರದಾರಿ ಇಲ್ಲದಿದ್ದರೆ ಒತ್ತಡ ಶೇಕಡಾ 20ರಷ್ಟು, ಅಂದರೆ ಸುಮಾರು 0.2 ಬಾರ್ ಹೆಚ್ಚುತ್ತದೆ. ಆಯಿಲ್ ಸೀಲುಗಳ ತುಟಿಯಿಂದ ಎಣ್ಣೆ ಜಿನುಗಲು ಅಷ್ಟು ಸಾಕು. ಇದಕ್ಕಿಂತ ಕೆಟ್ಟದ್ದು ಇದರ ತಿರುಗುಮುರುಗು. 80 ಡಿಗ್ರಿಯಲ್ಲಿರುವ ಆಕ್ಸಲ್ ಹೊಳೆಯ ನೀರಿಗಿಳಿದು ಕೆಲವೇ ನಿಮಿಷಗಳಲ್ಲಿ 40 ಡಿಗ್ರಿಗೆ ತಣಿದರೆ ಒಳಗಿನ ಒತ್ತಡ ಹೊರಗಿಗಿಂತ 0.11 ಬಾರಿನಷ್ಟು ತಗ್ಗುತ್ತದೆ, ಅದು ಒಂದು ಮೀಟರಿಗೂ ಹೆಚ್ಚು ನೀರನ್ನು ಮೇಲೆಳೆಯಬಲ್ಲ ಸೆಳೆತ. ಸೀಲಿನ ತುಟಿಯನ್ನು ಒಳಗಿನ ಎಣ್ಣೆಯನ್ನು ತಡೆಹಿಡಿಯಲೆಂದು ರೂಪಿಸಿರುತ್ತಾರೆ. ಹೊರಗಿನಿಂದ ಒತ್ತುವ ನೀರಿಗೆ ಅದು ಸುಲಭವಾಗಿ ಎದ್ದು ದಾರಿ ಬಿಡುತ್ತದೆ. ಮರುದಿನ ಡ್ರೈನ್ ಪ್ಲಗ್ ಬಿಚ್ಚಿದರೆ ಗೇರೆಣ್ಣೆ ಹಾಲು ಬೆರೆಸಿದ ಕಾಫಿಯಂತೆ ಇಳಿಯುತ್ತದೆ.

ನಿಮ್ಮಲ್ಲಿರುವ ಅಲುಗಾಡುವ ಟೋಪಿಯ ಬ್ರೀದರ್ ಈ ಎರಡನೆಯ ಅಪಾಯಕ್ಕೆ ಮದ್ದಲ್ಲ. ಅದು ಒಳಗಿನ ಒತ್ತಡವನ್ನು ಹೊರಬಿಡುತ್ತದೆ, ಆದರೆ ಹೊರಗಿನ ಗಾಳಿಯನ್ನು ಅಷ್ಟೇ ಸುಲಭವಾಗಿ ಒಳಬಿಡುವುದಿಲ್ಲ. ಕೆಸರು ಒಣಗಿ ಟೋಪಿ ಅಂಟಿಕೊಂಡಿತೆಂದರೆ ಯಾವ ದಿಕ್ಕಿಗೂ ಕೆಲಸ ಮಾಡುವುದಿಲ್ಲ. ಆದ್ದರಿಂದ ಉದ್ದ ಹೋಸು ಹಾಕುವುದಾದರೆ ಅದರ ತುದಿಗೆ ಮತ್ತೆ ಇದೇ ಟೋಪಿಯನ್ನು ಸಿಕ್ಕಿಸಬೇಡಿ. ಎರಡೂ ದಿಕ್ಕಿಗೆ ಸರಾಗವಾಗಿ ಗಾಳಿಯಾಡುವ ತುದಿಯೇ ಇರಲಿ. ಹಳೆಯ ಬ್ರೀದರ್‌ಗಳನ್ನು ಎಸೆಯಬೇಡಿ, ಚೀಟಿ ಬರೆದು ಕಟ್ಟಿಡಿ. ಮುಂದೊಂದು ದಿನ ಗಾಡಿಯನ್ನು ಮೂಲಸ್ಥಿತಿಗೆ ತರಬೇಕೆನಿಸಿದರೆ ಅವೇ ಬೇಕಾಗುತ್ತವೆ.

ಎಫ್‌ಜೆ40ರ ಮುಂದಿನ ಆಕ್ಸಲ್ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಆಕ್ಸಲ್ ಕೊಳವೆಯ ತುದಿಯಲ್ಲಿರುವ ಒಳಸೀಲು ಒಂದು ಕಡೆ ಡಿಫರೆನ್ಶಿಯಲಿನ ಎಣ್ಣೆಯನ್ನೂ ಇನ್ನೊಂದು ಕಡೆ ನಕಲ್ ಗೂಡಿನ (ಮುಂಚಕ್ರ ತಿರುಗುವ ಕೀಲಿನ ಗೂಡಿನ) ಗ್ರೀಸನ್ನೂ ಬೇರ್ಪಡಿಸುತ್ತದೆ. ಬ್ರೀದರ್ ಕಟ್ಟಿಕೊಂಡರೆ ಒತ್ತಡ ಹೊರದಾರಿ ಹುಡುಕುವುದು ಈ ಸೀಲಿನ ಮೂಲಕವೇ. ಎಣ್ಣೆ ನಕಲಿಗೆ ನುಗ್ಗಿ, ಗ್ರೀಸು ತೆಳ್ಳಗಾಗಿ, ಚಕ್ರದ ಒಳಬದಿಯ ಚೆಂಡಿನ ಮೇಲೆ ಕಪ್ಪು ರಾಡಿ ಹರಿಯುತ್ತದೆ. ಎಷ್ಟೋ ಮಂದಿ ಸೀಲನ್ನು ಮತ್ತೆ ಮತ್ತೆ ಬದಲಿಸಿ ಬೇಸತ್ತಿರುತ್ತಾರೆಯೇ ಹೊರತು ಬ್ರೀದರ್ ಕಡೆಗೆ ಕಣ್ಣು ಹಾಯಿಸಿರುವುದಿಲ್ಲ.

ಈಗ ನಿಮ್ಮ ಪೌಡರ್ ಕೋಟಿಂಗಿನ ವಿಷಯಕ್ಕೆ ಬರುತ್ತೇನೆ. ಇದು ಹೋಸಿನ ದಾರಿಗಿಂತ ಮೊದಲು ಆಗಬೇಕಾದ ಕೆಲಸ. ಬ್ಲಾಸ್ಟಿಂಗ್ ಮಾಡುವಾಗ ಬ್ರೀದರಿನ ರಂಧ್ರಕ್ಕೆ ಬೋಲ್ಟು ಹಾಕಿ ಮುಚ್ಚಿರದಿದ್ದರೆ ಮರಳಿನಂಥ ಕಣಗಳು ಕೇಸಿನೊಳಗೆ ಬಿದ್ದಿರುತ್ತವೆ. ಮುಚ್ಚಿದ್ದರೂ ಕೋಟಿಂಗ್ ಒಲೆಯಲ್ಲಿ ಕರಗಿ ರಂಧ್ರದ ಬಾಯಿಗೆ ತೆಳ್ಳನೆಯ ಪೊರೆ ಕಟ್ಟಿರುವುದುಂಟು. ಡಿಫರೆನ್ಶಿಯಲ್ ಕೂರಿಸುವ ಮುಂಚೆ ರಂಧ್ರದೊಳಗೆ ತಂತಿ ತೂರಿಸಿ ಪರೀಕ್ಷಿಸಿ, ಸರಿಯಾದ ಟ್ಯಾಪಿನಿಂದ (ತಿರುಪು ಕೊರೆಯುವ ಉಪಕರಣದಿಂದ) ಮರೆಗಳನ್ನು, ಅಂದರೆ ತಿರುಪಿನ ಸುತ್ತುಗಳನ್ನು, ಕೈಯಲ್ಲೇ ಶುಚಿಗೊಳಿಸಿ, ಕೊಳವೆಗಳನ್ನು ಎರಡೂ ತುದಿಯಿಂದ ತೊಳೆಯಿರಿ. ನಿಪ್ಪಲಿನ (ಹೋಸು ಸಿಕ್ಕಿಸುವ ತಿರುಪು ನಳಿಗೆಯ) ಮರೆ ರಂಧ್ರದ ಮರೆಗೆ ಬೆರಳಿನಿಂದಲೇ ಎರಡು ಮೂರು ಸುತ್ತು ಹೋಗಬೇಕು. ಸ್ಪ್ಯಾನರ್ ಹಾಕಿದ ಮೇಲಷ್ಟೇ ಹೋಗುತ್ತದೆಂದಾದರೆ ಅದು ಬೇರೆ ಅಳತೆಯ ಮರೆ ಎಂದು ತಿಳಿದು ನಿಲ್ಲಿಸಿ.

ಹೋಸಿನ ದಾರಿಯಲ್ಲಿ ಎಲ್ಲಕ್ಕಿಂತ ಕಷ್ಟದ ಭಾಗ ಆಕ್ಸಲಿನಿಂದ ಚಾಸಿಗೆ ಜಿಗಿಯುವ ಒಂದು ತುಂಡು ಮಾತ್ರ. ಉಳಿದದ್ದೆಲ್ಲ ಕ್ಲಿಪ್ಪು ಹಾಕುವ ಕೆಲಸ. ಲೀಫ್ ಸ್ಪ್ರಿಂಗಿನ ಆಕ್ಸಲ್ ಮೇಲೆ ಕೆಳಗೆ ಹೋಗುವುದಷ್ಟೇ ಅಲ್ಲದೆ ಒಂದು ಚಕ್ರ ಏರಿ ಇನ್ನೊಂದು ಇಳಿದಾಗ ಓರೆಯಾಗಿಯೂ ತಿರುಗುತ್ತದೆ. ಬ್ರೇಕಿನ ರಬ್ಬರ್ ಹೋಸು ಎಲ್ಲಿ ಜಿಗಿಯುತ್ತದೆಯೋ ಅದರ ಪಕ್ಕದಲ್ಲೇ ಇದನ್ನೂ ಜಿಗಿಸುವುದು ಸುರಕ್ಷಿತ, ಏಕೆಂದರೆ ಆ ಜಾಗವನ್ನು ಗಾಡಿ ರೂಪಿಸಿದವರೇ ಲೆಕ್ಕ ಹಾಕಿ ಆರಿಸಿರುತ್ತಾರೆ. ಆದರೆ ಬ್ರೇಕ್ ಹೋಸಿಗೇ ಇದನ್ನು ಕಟ್ಟಬೇಡಿ, ಒಂದು ಇನ್ನೊಂದನ್ನು ಉಜ್ಜುತ್ತದೆ. ಚಾಸಿಯನ್ನು ಜ್ಯಾಕಿನ ಮೇಲೆ ಎತ್ತಿ ಆಕ್ಸಲನ್ನು ಪೂರ್ತಿ ಇಳಿಬಿಟ್ಟಾಗ, ಒಂದು ಬದಿಯನ್ನು ಮಾತ್ರ ಎತ್ತಿದಾಗ, ಮುಂದಿನದಾದರೆ ಚಕ್ರವನ್ನು ಎರಡೂ ಕೊನೆಗೆ ತಿರುಗಿಸಿದಾಗ, ಈ ಎಲ್ಲ ಸ್ಥಿತಿಗಳಲ್ಲೂ ಹೋಸು ಬಿಗಿಯಾಗದೆ, ಮಡಚಿಕೊಳ್ಳದೆ, ಪ್ರೊಪೆಲ್ಲರ್ ಶಾಫ್ಟಿನ ಹತ್ತಿರ ಸುಳಿಯದೆ ಇರುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಉದ್ದವನ್ನು ಕತ್ತರಿಸಿ. ಚಾಸಿಯ ಮೇಲೆ ರಬ್ಬರ್ ಒಳಪದರದ ಪಿ ಕ್ಲಿಪ್ಪುಗಳನ್ನು ಬಳಸಿ. ಪ್ಲಾಸ್ಟಿಕ್ ಟೈಗಳನ್ನು ಬಿಗಿದೆಳೆದರೆ ಸಣ್ಣ ಹೋಸು ಅಲ್ಲೇ ಸೊಟ್ಟಗಾಗಿ ಮುಚ್ಚಿಹೋಗುತ್ತದೆ.

ತುದಿ ಎಲ್ಲಿರಬೇಕೆಂದರೆ, ಮುಂದಿನ ಆಕ್ಸಲಿಗೆ ಫೈರ್‌ವಾಲಿನ ಮೇಲ್ಭಾಗ ಸರಿಯಾದ ಜಾಗ. ಹಿಂದಿನದನ್ನು ಅಷ್ಟು ದೂರ ತರಬೇಕಾಗಿಲ್ಲ. ಹಿಂದಿನ ಬಾಡಿಯ ಒಳಮೂಲೆಯಲ್ಲಿ ಮೇಲೇರಿಸಿ ನಿಲ್ಲಿಸಬಹುದು. ಹೋಸು ಉದ್ದಕ್ಕೂ ಮೇಲ್ಮುಖವಾಗಿರಲಿ. ನಡುವೆ ಜೋಲುಬಿದ್ದ ಕಡೆ ಎಣ್ಣೆಯ ತೇವ ಮತ್ತು ಆವಿಯ ನೀರು ಸೇರಿಕೊಳ್ಳುತ್ತದೆ. ಹತ್ತು ಸೆಂಟಿಮೀಟರಿನ ನೀರಿನ ಕಂಬ ಒತ್ತಡದ ಲೆಕ್ಕದಲ್ಲಿ ಕೇವಲ 0.01 ಬಾರ್, ಅದರಿಂದ ಸೀಲು ಹಾಳಾಗುವುದಿಲ್ಲ. ಆದರೆ ಆಕ್ಸಲ್ ತಣಿದಾಗ ಆ ನೀರೇ ಒಳಗೆ ಎಳೆಯಲ್ಪಡುತ್ತದೆ, ಕೊರೆಯುವ ಚಳಿಯಲ್ಲಿ ಹೆಪ್ಪುಗಟ್ಟಿ ದಾರಿಯನ್ನೇ ಮುಚ್ಚುತ್ತದೆ. ತುದಿಯನ್ನು ಕೆಳಮುಖವಾಗಿ ಬಾಗಿಸಿ ಸಣ್ಣ ಕಂಚಿನ ಫಿಲ್ಟರ್ ಹಾಕಿದರೆ ಮುಗಿಯಿತು.


ಹಿತ್ತಾಳೆ ನಿಪ್ಪಲ್:

ಹಿಂದಿನ ಆಕ್ಸಲ್ ಅವರು ಬಿಟ್ಟ ಕಡೆಯಿಂದ ಮುಂದುವರಿಸುತ್ತೇನೆ. ಟ್ಯಾಂಕಿನ ವೆಂಟಿಗೆ ಹಾಕಿರುವ ಆ ಸ್ಕ್ರೂವನ್ನು ಓದಿ ಸ್ವಲ್ಪ ಗಾಬರಿಯಾಯಿತು, ಏಕೆಂದರೆ ನಿಮ್ಮ ಗಾಡಿಯಲ್ಲಿ ಟ್ಯಾಂಕಿರುವುದು ಜನ ಕೂರುವ ಜಾಗದಲ್ಲೇ. ಆ ರಬ್ಬರ್ ತುಂಡು ಎಂದಾದರೂ ಬಿರಿದರೆ ಆವಿ ಸೇರುವುದು ನೇರವಾಗಿ ಕ್ಯಾಬಿನ್ನಿಗೆ. ಹಳೆಯ ಮಾಲೀಕರು ಪೆಟ್ರೋಲಿನ ವಾಸನೆ ನಿಲ್ಲಿಸಲು ಹೀಗೆ ಮಾಡಿರಬೇಕೆಂದು ನನ್ನ ಊಹೆ.

ಪೆಟ್ರೋಲ್ ಪ್ರತಿ ಡಿಗ್ರಿ ಬಿಸಿಗೂ ತನ್ನ ಗಾತ್ರದ ಸುಮಾರು ಸಾವಿರದಲ್ಲೊಂದು ಭಾಗ ಹಿಗ್ಗುತ್ತದೆ. 60 ಲೀಟರ್ ತುಂಬಿ ಬಿಸಿಲಿನಲ್ಲಿ ನಿಂತ ಗಾಡಿಯ ಟ್ಯಾಂಕ್ 20 ಡಿಗ್ರಿ ಬಿಸಿಯೇರಿದರೆ ಒಂದು ಲೀಟರಿಗೂ ಹೆಚ್ಚು ಪೆಟ್ರೋಲಿಗೆ ಹೊಸದಾಗಿ ಜಾಗ ಬೇಕಾಗುತ್ತದೆ, ಆವಿಯ ಒತ್ತಡ ಅದರ ಮೇಲೆ ಬೇರೆ. ಇನ್ನೊಂದು ಕಡೆ, ಎಂಜಿನ್ ಪೆಟ್ರೋಲ್ ಎಳೆದುಕೊಂಡಷ್ಟೂ ಗಾಳಿ ಒಳಬರದಿದ್ದರೆ ಟ್ಯಾಂಕಿನಲ್ಲಿ ನಿರ್ವಾತವುಂಟಾಗಿ, ಸ್ವಲ್ಪ ದೂರ ಓಡಿದ ಮೇಲೆ ಎಂಜಿನ್ ಸೊರಗಿ ನಿಲ್ಲುತ್ತದೆ. ಮುಚ್ಚಳ ಬಿಚ್ಚಿದಾಗ ಗಾಳಿ ಸುಯ್ಯೆಂದು ಒಳನುಗ್ಗುತ್ತದೆ, ಮತ್ತೆ ಚಾಲೂ ಆಗುತ್ತದೆ. ಇದನ್ನು ಪೆಟ್ರೋಲ್ ಪಂಪಿನ ದೋಷವೆಂದು ಭಾವಿಸಿ ಪಂಪು ಬದಲಿಸುವವರು ಬಹಳ. ಮುಚ್ಚಳದಲ್ಲಿ ಎರಡು ಜಾತಿಗಳಿವೆ: ತಾನೇ ಗಾಳಿಯಾಡಿಸುವುದು ಒಂದು, ಬಿಗಿಯಾಗಿ ಮುಚ್ಚಿ ಆ ಕೆಲಸವನ್ನು ಹೋಸಿಗೆ ಬಿಡುವುದು ಇನ್ನೊಂದು. ಬಿಗಿ ಮುಚ್ಚಳವನ್ನೂ ಸ್ಕ್ರೂ ಹಾಕಿದ ವೆಂಟನ್ನೂ ಒಟ್ಟಿಗೆ ಇಟ್ಟರೆ ಏನಾಗುತ್ತದೆಂದು ನೀವೇ ಊಹಿಸಬಹುದು.

ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಮೇಲೆ ಹಾರಿಹೋಗುವುದಿಲ್ಲ, ಕೆಳಗಿಳಿದು ತಗ್ಗಿನಲ್ಲಿ ನಿಲ್ಲುತ್ತದೆ. ಫೈರ್‌ವಾಲಿನ ಎತ್ತರದ ಕೂಡುಗೊಳವೆಯಿಂದ ಹೊರಬಂದ ಆವಿ ಇಳಿಯುವುದು ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮತ್ತು ಡಿಸ್ಟ್ರಿಬ್ಯೂಟರಿನ ಮೇಲೆ. ಅಷ್ಟೇ ಅಲ್ಲ, ಅದೇ ಕೂಡುಗೊಳವೆಯ ಮೂಲಕ ತಣಿಯುತ್ತಿರುವ ಆಕ್ಸಲ್ ಪೆಟ್ರೋಲ್ ಆವಿಯನ್ನು ತನ್ನೊಳಕ್ಕೆ ಎಳೆದುಕೊಳ್ಳುತ್ತದೆ. ಆದ್ದರಿಂದ ಟ್ಯಾಂಕಿನ ವೆಂಟ್ ಪೂರ್ತಿ ಬೇರೆ ದಾರಿಯಲ್ಲೇ ಹೋಗಬೇಕು.

ಈ ಕಾಲದ ಎಫ್‌ಜೆ40ಗಳಲ್ಲಿ, ಮಾಲಿನ್ಯ ನಿಯಮಗಳಿದ್ದ ದೇಶಗಳಿಗೆ ಹೋದವುಗಳಲ್ಲಿ, ಟ್ಯಾಂಕಿನ ಆವಿ ಮೊದಲು ಒಂದು ಸಣ್ಣ ಬೇರ್ಪಡಿಕೆಯ ಡಬ್ಬಿಗೆ ಏರಿ, ಅಲ್ಲಿ ದ್ರವ ಪೆಟ್ರೋಲ್ ಟ್ಯಾಂಕಿಗೇ ಮರಳಿ, ಆವಿ ಮಾತ್ರ ಎಂಜಿನ್ ಕೋಣೆಯ ಇದ್ದಿಲಿನ ಕ್ಯಾನಿಸ್ಟರಿಗೆ ಹೋಗುತ್ತದೆ. ಎಂಜಿನ್ ಓಡುವಾಗ ಆ ಇದ್ದಿಲಿನಿಂದ ಆವಿಯನ್ನು ಎಳೆದು ಉರಿಸುತ್ತದೆ. ಅಮೆರಿಕದಲ್ಲಿ ಟ್ಯಾಂಕಿನ ಆವಿಯನ್ನು ಹಿಡಿದಿಡಬೇಕೆಂಬ ನಿಯಮ ಕ್ಯಾಲಿಫೋರ್ನಿಯಾದಲ್ಲಿ 1970ರ ಮಾದರಿಗಳಿಂದ, ದೇಶದಾದ್ಯಂತ 1971ರ ಮಾದರಿಗಳಿಂದ ಜಾರಿಗೆ ಬಂತು. ನಿಮ್ಮ ಫೈರ್‌ವಾಲಿನಲ್ಲಿಯೋ ಬಾಡಿಯ ಒಳಗೋಡೆಯಲ್ಲಿಯೋ ಈ ಡಬ್ಬಿಗಳಿಗಿದ್ದ ಬ್ರಾಕೆಟ್ಟಿನ ರಂಧ್ರಗಳು ಕಾಣುತ್ತವೆಯೇ ಎಂದು ನೋಡಿ. ಇದ್ದರೆ ಆ ವ್ಯವಸ್ಥೆಯನ್ನೇ ಮರುಸ್ಥಾಪಿಸುವುದು ನನ್ನ ಸಲಹೆ. ಅದಕ್ಕಿಂತ ಉತ್ತಮವಾದುದನ್ನು ನಾವು ಮನೆಯಲ್ಲಿ ಕೂತು ಕಟ್ಟಲಾರೆವು.

ಕ್ರ್ಯಾಂಕ್‌ಕೇಸಿನ ವಿಷಯ. 1960ಕ್ಕೆ ಮುಂಚಿನ ಬಹಳಷ್ಟು ಎಂಜಿನ್‌ಗಳಲ್ಲಿ ಪಿಸ್ಟನ್ನುಗಳ ಪಕ್ಕದಿಂದ ಜಾರಿದ ಅನಿಲವನ್ನು ಒಂದು ನಳಿಗೆಯ ಮೂಲಕ ರಸ್ತೆಯ ಕಡೆಗೆ ಬಿಟ್ಟುಬಿಡುತ್ತಿದ್ದರು. ನಿಮ್ಮ 2ಎಫ್ ಅಂಥದ್ದಲ್ಲ. ಅದರಲ್ಲಿ ಪಿಸಿವಿ (ಪಾಸಿಟಿವ್ ಕ್ರ್ಯಾಂಕ್‌ಕೇಸ್ ವೆಂಟಿಲೇಶನ್) ವಾಲ್ವ್ ಕ್ರ್ಯಾಂಕ್‌ಕೇಸಿನ ಅನಿಲವನ್ನು ಇನ್‌ಟೇಕ್ ಮ್ಯಾನಿಫೋಲ್ಡಿಗೆ ಎಳೆಯುತ್ತದೆ, ಏರ್ ಕ್ಲೀನರಿನಲ್ಲಿ ಸೋಸಿದ ಗಾಳಿ ರಾಕರ್ ಕವರಿನ ಹೋಸಿನಿಂದ ಒಳಬರುತ್ತದೆ. ನಿಮಗೆ ಸಿಕ್ಕ ಬಟ್ಟೆಯ ತುಂಡು ಈ ಎರಡನೆಯ ದಾರಿಯನ್ನು ಮುಚ್ಚಿತ್ತು. ಅಲ್ಲಿ ಬಟ್ಟೆಯ ಬದಲು ಬಿಡಿ ಫಿಲ್ಟರ್ ಸಿಕ್ಕಿಸುವವರೂ ಇದ್ದಾರೆ. ಧೂಳಿನ ಹಾದಿಯಲ್ಲಿ ಓಡುವ ಗಾಡಿಗೆ ಅದು ನನಗೆ ಒಪ್ಪಿಗೆಯಿಲ್ಲ. ವಾಲ್ವನ್ನು ಕೈಯಲ್ಲಿ ಅಲುಗಿಸಿದರೆ ಒಳಗೆ ಟಕಟಕ ಸದ್ದಾಗಬೇಕು, ಎಂಜಿನ್ ನಿಧಾನವಾಗಿ ಓಡುವಾಗ ಅದರ ಬಾಯಿಗೆ ಹೆಬ್ಬೆರಳಿಟ್ಟರೆ ಸೆಳೆತ ತಿಳಿಯಬೇಕು. ಈ ಹೋಸುಗಳ ಒಳವ್ಯಾಸವನ್ನು ಯಾವ ಕಾರಣಕ್ಕೂ ಕಿರಿದು ಮಾಡಬೇಡಿ. ವಾಲ್ವಿನಿಂದ ಮ್ಯಾನಿಫೋಲ್ಡಿಗೆ ಹೋಗುವುದು ನಿರ್ವಾತಕ್ಕೆ ಚಪ್ಪಟೆಯಾಗದ ದಪ್ಪ ಗೋಡೆಯದಾಗಿರಲಿ.

ವಸ್ತುವಿನ ಆಯ್ಕೆಯಲ್ಲಿ ಜನ ಎಡವುವುದು ಹೆಚ್ಚು. ರೇಡಿಯೇಟರ್ ಮತ್ತು ಹೀಟರಿನ ಹೋಸು ಸಾಮಾನ್ಯವಾಗಿ ಇಪಿಡಿಎಂ ರಬ್ಬರಿನದು. ಬಿಸಿನೀರಿಗೆ ಅದು ಚಿನ್ನ, ಎಣ್ಣೆ ತಾಗಿದರೆ ಊದಿಕೊಂಡು ಮೆತ್ತಗಾಗುತ್ತದೆ. ಬಣ್ಣ ಬಣ್ಣದ ಸಿಲಿಕೋನ್ ಹೋಸು ಕಣ್ಣಿಗೆ ಚೆಂದ, ಆದರೆ ಪೆಟ್ರೋಲ್ ಅದರ ಗೋಡೆಯನ್ನೇ ದಾಟಿ ಹೊರಬರುತ್ತದೆ, ಎಣ್ಣೆಗೂ ಅದು ಹೇಳಿಮಾಡಿಸಿದ್ದಲ್ಲ. ಪಾರದರ್ಶಕ ಪಿವಿಸಿ ಹೋಸು ಬಿಸಿಗೆ ಜೋಲುಬಿದ್ದು, ವಯಸ್ಸಾದಂತೆ ಹಳದಿಯಾಗಿ ಬಿರುಸಾಗುತ್ತದೆ. ಆಕ್ಸಲ್, ಗೇರ್‌ಬಾಕ್ಸ್‌ಗಳಿಗೆ ನೈಟ್ರೈಲ್ ರಬ್ಬರಿನ ಹೋಸು ಇಲ್ಲವೇ ಏರ್ ಬ್ರೇಕಿಗೆ ಬಳಸುವಂಥ ನೈಲಾನ್ ಕೊಳವೆ ಸೂಕ್ತ. ಒಳವ್ಯಾಸ 6 ಮಿಲಿಮೀಟರ್ ಇದ್ದರೆ ಧಾರಾಳವಾಯಿತು. ಟ್ಯಾಂಕಿನ ವೆಂಟಿಗೆ ಮಾತ್ರ ಹೋಸಿನ ಮೈಮೇಲೆ ಇಂಧನ ಹೋಸಿನ ದರ್ಜೆಯಾದ ಎಸ್‌ಎಇ ಜೆ30 ಆರ್7 ಅಥವಾ ಆರ್9 ಎಂದು ಅಚ್ಚಾಗಿರುವುದನ್ನೇ ಕೊಳ್ಳಿ, ಮತ್ತು ಎಥನಾಲ್ ಬೆರೆತ ಪೆಟ್ರೋಲಿಗೆ ಆಗುತ್ತದೆಯೇ ಎಂದು ವಿಚಾರಿಸಿಯೇ ಕೊಳ್ಳಿ. ಹಳೆಯ ದಾಸ್ತಾನಿನ ರಬ್ಬರಿಗೆ ಎಥನಾಲ್ ಆಗಿಬರುವುದಿಲ್ಲ. ಸಣ್ಣ ಹೋಸುಗಳಿಗೆ ಹಲ್ಲಿನ ಪಟ್ಟಿಯ ಅಗಲ ಕ್ಲಾಂಪ್ ಬೇಡ, ಅದು ರಬ್ಬರನ್ನು ಕತ್ತರಿಸುತ್ತದೆ. ಸುತ್ತಲೂ ಸಮನಾಗಿ ಹಿಡಿಯುವ, ಅಂಚು ಮಡಚಿದ ಕಿರಿದಾದ ಕ್ಲಾಂಪ್ ಬಳಸಿ.


ಸಣ್ಣ ಸ್ಪ್ಯಾನರ್:

ಮೇಲಿನ ಇಬ್ಬರ ಮಾತನ್ನೂ ಬಹುಮಟ್ಟಿಗೆ ಒಪ್ಪುತ್ತೇನಾದರೂ ಕೂಡುಗೊಳವೆ ಎಂದರೇ ಅಪರಾಧವೆಂಬ ಭಾವನೆ ಓದುಗರಿಗೆ ಬರಬಾರದು. 1952ರಿಂದ ತಯಾರಾದ ಎಂ38ಎ1 ಸೇನಾ ಜೀಪಿನಲ್ಲಿ ಡಿಸ್ಟ್ರಿಬ್ಯೂಟರ್ ಮತ್ತು ಬ್ರೇಕ್ ಮಾಸ್ಟರ್ ಸಿಲಿಂಡರ್ ಸೇರಿದಂತೆ ಹಲವು ಭಾಗಗಳ ವೆಂಟುಗಳನ್ನು ಕೊಳವೆಗಳ ಜಾಲದಿಂದ ಏರ್ ಕ್ಲೀನರಿನ ಕಡೆಗೆ ಒಯ್ದಿದ್ದರು. ಆಳದ ನೀರಿಗಿಳಿಯುವ ಮುನ್ನ ಕ್ರ್ಯಾಂಕ್‌ಕೇಸಿನ ಗಾಳಿಯಾಟವನ್ನು ಮುಚ್ಚಿ, ಒಳಗೆ ಒತ್ತಡ ಉಳಿದು ನೀರನ್ನು ತಡೆಯುವಂತೆ ಮಾಡಲು ಚಾಲಕನ ಕೈಗೆಟುಕುವ ಹಿಡಿಕೆಯೊಂದನ್ನೂ ಕೊಟ್ಟಿದ್ದರು. ಅಂದರೆ ಕೂಡಿಸುವುದು ಅಸಾಧ್ಯವಲ್ಲ, ಆದರೆ ಅದನ್ನು ಇಡೀ ಗಾಡಿಯ ಜೊತೆಗೇ ರೂಪಿಸಿದ್ದರು ಮತ್ತು ನೋಡಿಕೊಳ್ಳಲು ಸೇನೆಯ ವರ್ಕ್‌ಶಾಪ್ ಇತ್ತು. ನಮ್ಮಲ್ಲಿ ಅವೆರಡೂ ಇಲ್ಲ.

ನನ್ನ ಅಭಿಪ್ರಾಯದಲ್ಲಿ ಎರಡು ಆಕ್ಸಲ್‌ಗಳನ್ನು ಒಂದೇ ಕೂಡುಗೊಳವೆಗೆ ತರಬಹುದು, ಎರಡರಲ್ಲೂ ಒಂದೇ ಎಣ್ಣೆಯಿರುವುದರಿಂದ ತೇವ ಅತ್ತಿತ್ತ ಹೋದರೂ ನಷ್ಟವಿಲ್ಲ. ಆದರೆ ಒಂದೇ ಫಿಲ್ಟರಿಗೆ ಎಲ್ಲವನ್ನೂ ಒಪ್ಪಿಸಿದರೆ ಆ ಒಂದು ಫಿಲ್ಟರ್ ಕೆಸರಿಗೆ ಕಟ್ಟಿಕೊಂಡ ದಿನ ಎಲ್ಲ ಸೀಲುಗಳೂ ಒಟ್ಟಿಗೆ ಸೋರತೊಡಗುತ್ತವೆ, ಯಾವುದರ ದೋಷವೆಂದು ಗುರುತಿಸುವುದೂ ಕಷ್ಟ. ಪ್ರತ್ಯೇಕ ಹೋಸಿದ್ದರೆ ತುದಿಯಲ್ಲಿ ಎಣ್ಣೆಯ ಗುರುತು ಕಂಡ ಕೂಡಲೇ ಯಾವ ಕೇಸಿನಲ್ಲಿ ಎಣ್ಣೆ ಹೆಚ್ಚಾಗಿದೆ ಎಂದು ತಿಳಿಯುತ್ತದೆ. ಅಚ್ಚುಕಟ್ಟು ಬೇಕೆಂದಿದ್ದರೆ ಒಂದೇ ಬ್ರಾಕೆಟ್ಟಿನಲ್ಲಿ ನಾಲ್ಕು ತುದಿಗಳನ್ನು ಸಾಲಾಗಿ ನಿಲ್ಲಿಸಿ, ಪ್ರತಿಯೊಂದಕ್ಕೂ ಹೆಸರಿನ ಪಟ್ಟಿ ಹಾಕಿ. ಬಾನೆಟ್ ಎತ್ತಿದಾಗ ನೋಡಲು ಅದೂ ಸೊಗಸಾಗಿಯೇ ಇರುತ್ತದೆ. ಹೊಸ ರಂಧ್ರ ಕೊರೆಯದೆ, ಈಗಾಗಲೇ ಇರುವ ಬೋಲ್ಟುಗಳನ್ನೇ ಬ್ರಾಕೆಟ್ಟಿಗೆ ಬಳಸಿಕೊಂಡರೆ ಮುಂದೆ ತೆಗೆದಾಗ ಕಲೆಯೂ ಉಳಿಯದು.


ನಲವತ್ತರ ಚಾಸಿ:

ಮೂವರಿಗೂ ಧನ್ಯವಾದಗಳು. ಟ್ಯಾಂಕನ್ನು ಕೂಡುಗೊಳವೆಗೆ ಸೇರಿಸುವ ಯೋಚನೆಯನ್ನು ಬಿಟ್ಟಿದ್ದೇನೆ. ಇಂದು ತಂತಿ ತೂರಿಸಿ ನೋಡಿದಾಗ ಹಿಂದಿನ ಆಕ್ಸಲಿನ ಬ್ರೀದರ್ ರಂಧ್ರ ಪೌಡರ್ ಕೋಟಿಂಗಿನಿಂದ ಪೂರ್ತಿ ಮುಚ್ಚಿಹೋಗಿರುವುದು ಕಂಡಿತು, ಮುಂದಿನದು ತೆರೆದಿದೆ. ಬಾಡಿಯ ಒಳಗೋಡೆಯಲ್ಲಿ ಬ್ರಾಕೆಟ್ಟಿನ ರಂಧ್ರಗಳೂ ಇವೆ, ಆದ್ದರಿಂದ ಬೇರ್ಪಡಿಕೆಯ ಡಬ್ಬಿ ಒಂದು ಕಾಲದಲ್ಲಿ ಇದ್ದಿರಲೇಬೇಕು.

ಉಳಿದಿರುವ ಸಂದೇಹ ಎರಡು. ಗೇರ್‌ಬಾಕ್ಸ್ ಮತ್ತು ಟ್ರಾನ್ಸ್‌ಫರ್ ಕೇಸಿನಲ್ಲೂ ಒಂದೇ ದರ್ಜೆಯ ಎಣ್ಣೆಯಿರುವುದರಿಂದ ಅವೆರಡನ್ನು ಕೂಡಿಸಬಹುದೇ? ಇನ್ನು, ಹೋಸುಗಳನ್ನೆಲ್ಲ ಹಾಕಿದ ಮೇಲೆ, ಬಾಡಿ ಕೂರಿಸುವ ಮುಂಚೆ, ಎಲ್ಲವೂ ಸರಿಯಾಗಿದೆಯೆಂದು ಪರೀಕ್ಷಿಸುವುದು ಹೇಗೆ?


ಹಿಂದಿನ ಆಕ್ಸಲ್:

ಆ ಎರಡನ್ನು ಕೂಡಿಸಬೇಡಿ. ಈ ಗಾಡಿಗಳಲ್ಲಿ ಗೇರ್‌ಬಾಕ್ಸ್ ಮತ್ತು ಟ್ರಾನ್ಸ್‌ಫರ್ ಕೇಸಿನ ನಡುವಿನ ಸೀಲು ಸವೆದು ಒಂದರ ಎಣ್ಣೆ ಇನ್ನೊಂದಕ್ಕೆ ಸೇರುವುದು ಹಳೆಯ ಕಾಯಿಲೆ. ಒಂದು ಖಾಲಿಯಾಗಿ ಇನ್ನೊಂದು ತುಂಬಿ ತುಳುಕುತ್ತದೆ. ಎರಡಕ್ಕೂ ಬೇರೆ ಬೇರೆ ತುದಿಗಳಿದ್ದರೆ ತುಂಬಿದ ಕೇಸಿನ ಹೋಸಿನಲ್ಲಿ ಎಣ್ಣೆ ಮೇಲೇರಿ ನಿಮಗೆ ಸೂಚನೆ ಸಿಗುತ್ತದೆ. ಕೂಡಿಸಿಬಿಟ್ಟರೆ ಆ ಸೂಚನೆಯೂ ಹೋಗುತ್ತದೆ, ಎಣ್ಣೆಗೆ ಇನ್ನೊಂದು ಹಾದಿಯನ್ನೂ ನೀವೇ ತೆರೆದಂತಾಗುತ್ತದೆ. ಟ್ರಾನ್ಸ್‌ಫರ್ ಕೇಸಿನ ಹಲ್ಲುಗಾಲಿಗಳು ಎಣ್ಣೆಯನ್ನು ಜೋರಾಗಿ ಚಿಮ್ಮಿಸುವುದರಿಂದ ಅದರ ಹೋಸು ನಿಪ್ಪಲಿನಿಂದ ಹೊರಟೊಡನೆ ಅಡ್ಡ ತಿರುಗದೆ ಮೊದಲು ನೇರವಾಗಿ ಒಂದು ಗೇಣಿನಷ್ಟಾದರೂ ಮೇಲೇರಲಿ. ಚಿಮ್ಮಿದ ಎಣ್ಣೆ ಅಲ್ಲಿಂದಲೇ ಹಿಂದಕ್ಕೆ ಇಳಿದುಹೋಗುತ್ತದೆ. ಬಾಡಿಯ ನೆಲ ಎಷ್ಟು ಎತ್ತರದಲ್ಲಿ ಬರುತ್ತದೆಂದು ಈಗಲೇ ಅಳೆದುಕೊಳ್ಳಿ, ಇಲ್ಲವಾದರೆ ಬಾಡಿ ಕೂತಾಗ ಹೋಸು ಅದರಡಿ ಚಪ್ಪಟೆಯಾಗುತ್ತದೆ. ಎಕ್ಸಾಸ್ಟ್ ಪೈಪು ಈ ಭಾಗದಲ್ಲಿ ಬಹಳ ಹತ್ತಿರ ಹಾಯುತ್ತದೆ. ಒಂದು ಗೇಣಿನ ಅಂತರ ಸಿಗದಿದ್ದರೆ ಅಷ್ಟು ದೂರ ಲೋಹದ ಕೊಳವೆ ಹಾಕಿ, ಎರಡೂ ತುದಿಗೆ ಮಾತ್ರ ರಬ್ಬರ್ ಜೋಡಿಸಿ.

ಕ್ಲಚ್ಚಿನ ಹೊರಕವಚದ ತಳದಲ್ಲಿ ರಂಧ್ರವೇನಾದರೂ ಕಂಡರೆ ಅದನ್ನು ನೀರು ನುಗ್ಗುತ್ತದೆಂದು ಹೆದರಿ ಶಾಶ್ವತವಾಗಿ ಮುಚ್ಚಬೇಡಿ. ಅದು ಸೋರಿದ ಎಣ್ಣೆ ಹೊರಬೀಳಲೆಂದೇ ಇರುವುದು. ಲ್ಯಾಂಡ್ ರೋವರ್‌ನವರು ಇದಕ್ಕೆ ನೀರು ದಾಟುವ ಹೊತ್ತಿಗೆ ಮಾತ್ರ ಹಾಕಿ ಆಮೇಲೆ ತೆಗೆದಿಡುವ ಪ್ಲಗ್ಗನ್ನೇ ಕೊಡುತ್ತಿದ್ದರು. ತೆಗೆದಾಗ ಹನಿಯುವುದು ನೀರೋ, ಎಂಜಿನ್ ಎಣ್ಣೆಯೋ, ಗೇರೆಣ್ಣೆಯೋ ಎಂಬುದರಿಂದ ಯಾವ ಸೀಲು ಹೋಗಿದೆಯೆಂದು ತಿಳಿಯುತ್ತಿತ್ತು.

ಪರೀಕ್ಷೆ ಸರಳ. ಎಣ್ಣೆ ಹಾಕುವ ಮುಂಚೆ ಆಕ್ಸಲಿನ ಫಿಲ್ಲರ್ ಪ್ಲಗ್ ಬಿಚ್ಚಿ, ಹೋಸಿನ ಮೇಲ್ತುದಿಯ ಫಿಲ್ಟರ್ ತೆಗೆದು ಬಾಯಿಂದ ಊದಿದರೆ ಗಾಳಿ ಪ್ಲಗ್ಗಿನ ಬಾಯಲ್ಲಿ ಬರಬೇಕು. ಆಮೇಲೆ ಪ್ಲಗ್ ಹಾಕಿ ಮತ್ತೆ ಊದಿ, ನಾಲಗೆಯಿಂದ ತುದಿ ಮುಚ್ಚಿಕೊಂಡು ಸ್ವಲ್ಪ ಹೊತ್ತು ತಡೆಯಿರಿ. ಒತ್ತಡ ನಾಲಗೆಗೆ ತಿಳಿಯುತ್ತದೆ. ತಟ್ಟನೆ ಇಳಿದುಹೋದರೆ ಜೋಡಣೆಗಳಿಗೂ ಸೀಲುಗಳಿಗೂ ಸಾಬೂನು ನೀರು ಹಚ್ಚಿ ಗುಳ್ಳೆ ಎಲ್ಲಿ ಏಳುತ್ತದೆಂದು ನೋಡಿ. ಕಂಪ್ರೆಸರನ್ನು ಹತ್ತಿರ ತರಬೇಡಿ. ಅದರ 6, 7 ಬಾರ್ ಒತ್ತಡಕ್ಕೆ ಹೊಸ ಸೀಲುಗಳೇ ಎದ್ದುಹೋಗುತ್ತವೆ. ಬ್ಲಾಸ್ಟಿಂಗಿನ ಕಣಗಳು ಒಳಗೆ ಉಳಿದಿರಬಹುದೆಂಬ ಶಂಕೆಯಿರುವುದರಿಂದ ಮೊದಲ ಎಣ್ಣೆಯನ್ನು ಬೇಗನೆ, ಸ್ವಲ್ಪ ಓಡಾಟದ ನಂತರವೇ ಇಳಿಸಿ, ಬಟ್ಟೆಯಲ್ಲಿ ಸೋಸಿ ನೋಡುವುದು ಒಳ್ಳೆಯದು.


ಹಿತ್ತಾಳೆ ನಿಪ್ಪಲ್:

ಬಾಯಿಂದ ಊದುವ ವಿಧಾನವನ್ನು ಟ್ಯಾಂಕಿನ ಹೋಸುಗಳಿಗೆ ಅನ್ವಯಿಸಬೇಡಿ. ಅಲ್ಲಿ ಕೈಪಂಪು ಬಳಸಿ. ಬೇರ್ಪಡಿಕೆಯ ಡಬ್ಬಿ ಟ್ಯಾಂಕಿಗಿಂತ ಎತ್ತರದಲ್ಲಿರಬೇಕು, ಅದರಿಂದ ಟ್ಯಾಂಕಿಗೆ ಮರಳುವ ಹೋಸಿನಲ್ಲಿ ಎಲ್ಲೂ ತಗ್ಗು ಇರಬಾರದು, ಏಕೆಂದರೆ ಅಲ್ಲಿ ನಿಂತ ಪೆಟ್ರೋಲ್ ವೆಂಟನ್ನೇ ಮುಚ್ಚಿ ಮತ್ತೆ ಅದೇ ಸೊರಗುವ ಎಂಜಿನ್ನಿಗೆ ನಿಮ್ಮನ್ನು ಮರಳಿಸುತ್ತದೆ. ಇಂಧನ ತುಂಬುವ ಕೊರಳಿನ ಪಕ್ಕದ ದಪ್ಪ ಹೋಸನ್ನು ಮರೆಯಬೇಡಿ. ಅದು ತುಂಬುವಾಗ ಟ್ಯಾಂಕಿನ ಗಾಳಿ ಹೊರಬರುವ ದಾರಿ; ಅದು ಮಡಚಿಕೊಂಡಿದ್ದರೆ ಬಂಕಿನಲ್ಲಿ ಪೈಪು ಪದೇ ಪದೇ ತಾನಾಗಿ ನಿಲ್ಲುತ್ತದೆ, ಇಲ್ಲವೇ ಪೆಟ್ರೋಲ್ ಹಿಂದಕ್ಕೆ ಉಕ್ಕುತ್ತದೆ. ಆಸನದಡಿಯ ಟ್ಯಾಂಕಾದ್ದರಿಂದ ಹೋಸುಗಳು ನೆಲದ ತಗಡನ್ನು ದಾಟುವ ಪ್ರತಿ ರಂಧ್ರಕ್ಕೂ ರಬ್ಬರ್ ಗ್ರೋಮೆಟ್ ಹಾಕಿ. ಇದ್ದಿಲಿನ ಕ್ಯಾನಿಸ್ಟರ್ ಹಳೆಯದು ಸಿಕ್ಕರೆ ಜೋಡಿಸುವ ಮುನ್ನ ಬುಡಮೇಲು ಮಾಡಿ ಕೊಡವಿ ನೋಡಿ. ಕಪ್ಪು ಪುಡಿ ಉದುರಿದರೆ ಅದನ್ನು ಬಳಸಬೇಡಿ, ಆ ಪುಡಿ ಕಾರ್ಬ್ಯುರೇಟರಿಗೆ ಹೋಗಿ ಸೇರುತ್ತದೆ.